ಮನೆಯವರ, ಪಕ್ಕದವರ ನೆಮ್ಮದಿ ಹೇಗಿದೆ ಅಂತ ನೋಡುವ ಬಗೆ

ಬೇಜಾರಲ್ಲಿರುವವರಿಗೆ ಧ್ಯಾನ ಮಾಡು, ಸುಮ್ನೆ ಯೋಚನೆ ಮಾಡಬೇಡ ಅಂತ ಹೇಳುವ ಮೊದಲು ಅವರ ದಿನ ಹೇಗೆ ಕಳೆಯುತ್ತದೆ ನೋಡಿ. ಹೆಣ್ಣಾ, ಗಂಡಾ, ಮೈಬಣ್ಣ ಏನು, ಮುಖ ಯಾವ ಕಡೆಯದು ಅನ್ನುವುದೆಲ್ಲ ನೆಮ್ಮದಿಯನ್ನು ಅಲುಗಾಡಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 5 ಪ್ರಶ್ನೆಗಳಿಂದ ಶುರು ಮಾಡಿ. ಕಳೆದ 2 ವಾರದಲ್ಲಿ ಮನಸ್ಸು ಖುಷಿಯಾಗಿತ್ತಾ, ಶಾಂತವಾಗಿತ್ತಾ, ಮೈಯಲ್ಲಿ ಚುರುಕಿತ್ತಾ, ಎದ್ದಾಗ ನಿದ್ದೆ ಸಾಕಾಗಿತ್ತಾ, ಇಷ್ಟದ ವಿಷಯಗಳಿಂದ ದಿನ ತುಂಬಿತ್ತಾ? ಪ್ರತಿಯೊಂದಕ್ಕೂ 0ಯಿಂದ 5ರವರೆಗೆ ಅಂಕ: ಯಾವತ್ತೂ ಇರಲಿಲ್ಲ ಅಂದರೆ 0, ಯಾವಾಗಲೂ ಇತ್ತು ಅಂದರೆ 5. ಕೂಡಿಸಿ 4ರಿಂದ ಗುಣಿಸಿ. 50ಕ್ಕಿಂತ ಕಡಿಮೆ ಬಂದರೆ ಕೂತು ಮಾತಾಡಲೇಬೇಕು. ಎಲ್ಲರೂ ಬೇರೆ ಬೇರೆಯಾಗಿ ಬರೆಯಲಿ, ಯಾಕೆಂದರೆ ಎಲ್ಲರ ಎದುರು ಕೇಳಿದರೆ ಅಮ್ಮ "ನನಗೇನಾಗಿದೆ, ಚೆನ್ನಾಗೇ ಇದ್ದೀನಿ" ಅಂತಲೇ ಹೇಳುತ್ತಾರೆ.

ಆಮೇಲೆ ಗಡಿಯಾರ ನೋಡಿ. 2024ರ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರಿಗೆ ದಿನಕ್ಕೆ 289 ನಿಮಿಷ ಅದರಲ್ಲೇ ಹೋಗುತ್ತದೆ, ಮಾಡುವ ಗಂಡಸರಿಗೆ 88 ನಿಮಿಷ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಇಬ್ಬರೂ ಮನೆಗೆ ಬಂದ ಮೇಲೆ ಒಬ್ಬರು ಮಾತ್ರ ಅಡುಗೆಮನೆಗೆ ಹೋದರೆ ನಿದ್ದೆ ಎಲ್ಲಿಂದ ಬರಬೇಕು? "ಸಹಾಯ ಮಾಡ್ಲಾ" ಅಂತ ಕೇಳಬೇಡಿ. ಒಂದು ಕೆಲಸ ಪೂರ್ತಿ ತಗೊಳ್ಳಿ: ಏನು ಖಾಲಿಯಾಗಿದೆ ಅಂತ ನೋಡುವುದರಿಂದ ಹಿಡಿದು ತಂದು ಡಬ್ಬಕ್ಕೆ ತುಂಬುವವರೆಗೆ.

ಗಂಡಸರನ್ನೂ ಬಿಡದೆ ಕೇಳಿ. ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ 10 ಜನರಲ್ಲಿ ಸುಮಾರು 7 ಮಂದಿ ಗಂಡಸರು. ಅಳಬಾರದು ಅಂತ ಬೆಳೆಸಿದ್ದೇವೆ, ಅಲ್ವಾ?

ಇನ್ನು ಜನಾಂಗದ ವಿಷಯ. 2012ರ ಆಗಸ್ಟ್‌ನಲ್ಲಿ ಬರೀ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಆ ಭಯ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. "ಚೈನೀಸಾ?" ಅನ್ನುವುದು, ಆಫ್ರಿಕಾದ ವಿದ್ಯಾರ್ಥಿಗೆ ಬಾಡಿಗೆ ಮನೆ ಇಲ್ಲ ಅನ್ನುವುದು, ಇಂಥವನ್ನು ದಿನಾ ಕೇಳುವವರ ಮೈ ಸದಾ ಬಿಗಿಯಾಗಿಯೇ ಇರುತ್ತದೆ. ಪಾರ್ಲರ್ ಕೆಲಸ ಮುಗಿಸಿ ರಾತ್ರಿ ಆಟೋದಲ್ಲಿ ಬರುವ ಮಣಿಪುರದ ಹುಡುಗಿಗೆ ಹೆಣ್ಣು ಅನ್ನುವ ಭಯವೂ ಇದೆ, ಹೊರಗಿನವಳು ಅನ್ನುವ ಭಯವೂ ಇದೆ, ಎರಡೂ ಒಟ್ಟಿಗೇ ಬರುತ್ತವೆ. ಅಪಾರ್ಟ್‌ಮೆಂಟ್‌ನಲ್ಲಿ ಯಾರಾದರೂ ಹಾಗೆ ಮಾತಾಡಿದರೆ ಅಲ್ಲೇ, ಎಲ್ಲರೆದುರೇ "ಹಾಗನ್ನಬೇಡಿ" ಅನ್ನಿ. ಆಮೇಲೆ ಅವಳೊಬ್ಬಳ ಹತ್ತಿರ ಹೋಗಿ ಸಮಾಧಾನ ಹೇಳಿದರೆ ಸಾಲದು.

ಕೈಮೀರಿದೆ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಕನ್ನಡದಲ್ಲಿ ಮಾತಾಡಬಹುದು, ಕನ್ನಡ ಬಾರದವರಿಗೆ ಬೇರೆ ಭಾಷೆಗಳೂ ಇವೆ.