ಕಾಫಿ ಗಿಡದ ಬೋರರ್: ದುಂಬಿ ಹಾರುವ ಮೊದಲೇ ಹಿಡಿಯುವುದು ಹೇಗೆ?

ಅರೇಬಿಕಾ ಕಾಫಿ ಗಿಡ ಹಳದಿಯಾಗಿ ಜೋಲು ಬಿತ್ತು ಅಂದರೆ ಬಹಳ ಜನ ಮೊದಲು ಓಡುವುದು ಔಷಧಿ ಅಂಗಡಿಗೆ. ಅಲ್ಲಿ ಏನೋ ಒಂದು ಬಾಟಲಿ ಸಿಗುತ್ತದೆ, ಸ್ಪ್ರೇಯೂ ಆಗುತ್ತದೆ. ಗಿಡ ಮಾತ್ರ ಉಳಿಯುವುದಿಲ್ಲ. ಆ ಹೊತ್ತಿಗೆ ಹುಳ ಕಾಂಡದ ಗಟ್ಟಿ ಮರದೊಳಗೆ ಸೇರಿರುತ್ತದೆ. ಹೊರಗೆ ಹೊಡೆದದ್ದು ಅಲ್ಲಿಗೆ ಮುಟ್ಟುವುದೇ ಇಲ್ಲ.

ಮೂಡಿಗೆರೆ, ಆಲ್ದೂರು, ಕೊಪ್ಪ, ಸಕಲೇಶಪುರ, ಬೇಲೂರು ಕಡೆಯ ಬೆಳೆಗಾರರಿಗೆ ಈ ಬಿಳಿ ಕಾಂಡಕೊರಕ ಹೊಸದೇನಲ್ಲ. ತೋಟದಲ್ಲಿ ಎಲ್ಲರೂ ಬೋರರ್ ಅಂತಲೇ ಕರೆಯುತ್ತಾರೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದಿಂದ ಇದರ ಬಗ್ಗೆ ಬೇಕಾದಷ್ಟು ಸಲಹೆಗಳು ಬಂದಿವೆ. ಆದರೆ ಕರಪತ್ರದಲ್ಲಿ 'ಹುಳ ಬಿದ್ದ ಗಿಡ ಮಾರ್ಚ್‌ನಲ್ಲಿ ಗುರುತಿಸಿ, ಸೆಪ್ಟೆಂಬರ್‌ನಲ್ಲಿ ಗುರುತಿಸಿ' ಅಂತ ಒಂದು ಸಾಲು ಇದ್ದರೆ, ಯಾಕೆ ಆ ತಿಂಗಳೇ ಅನ್ನುವುದು ಓದಿದವರ ತಲೆಗೆ ಹೋಗುವುದಿಲ್ಲ. ಕಾರಣ ಗೊತ್ತಿಲ್ಲದ ಕೆಲಸ ಯಾವಾಗಲೂ ಮುಂದಕ್ಕೆ ಹೋಗುತ್ತದೆ. ಆಳು ಸಿಗಲಿಲ್ಲ, ಮದುವೆ ಬಂತು, ಮೆಣಸು ಕೊಯ್ಲು ಮುಗಿಯಲಿಲ್ಲ. ಬೋರರ್ ವಿಷಯದಲ್ಲಿ ಹದಿನೈದು ದಿನ ತಡವಾದರೆ ಮಾಡಿದ ಕೆಲಸವೆಲ್ಲ ದಂಡ. ಹಾಗಾಗಿ ಮೊದಲು ಹುಳದ ಲೆಕ್ಕ ನೋಡೋಣ, ಆಮೇಲೆ ನಮ್ಮ ಕೆಲಸ.

ಮೊದಲನೆಯದು: ಹುಳದ ವರ್ಷ ತಿಳಿದುಕೊಳ್ಳಿ

ವಿಜ್ಞಾನಿಗಳು ಇದನ್ನು ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್ ಅನ್ನುತ್ತಾರೆ. ಹೆಸರು ಬಾಯಿಗೆ ಬರದಿದ್ದರೂ ಚಿಂತೆಯಿಲ್ಲ, ಮುಖ ಗೊತ್ತಿರಲಿ. ಒಂದರಿಂದ ಎರಡು ಸೆಂಟಿಮೀಟರ್ ಉದ್ದದ ಸಣಕಲು ದುಂಬಿ. ಕಪ್ಪು ಮೈ, ರೆಕ್ಕೆಯ ಮೇಲೆ ಬಿಳಿ ಪಟ್ಟೆ. ದೂರದಿಂದ ಕಣಜ ಅಂದುಕೊಂಡು ಬಿಟ್ಟುಬಿಡುವವರೇ ಜಾಸ್ತಿ.

ಇದು ವರ್ಷಕ್ಕೆ ಎರಡು ಸಲ ಹಾರುತ್ತದೆ. ಏಪ್ರಿಲ್–ಮೇ ಒಂದು ಸಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸಲ. ಹಗಲು ಹೊತ್ತಿನ ಹುಳ, ಅದಕ್ಕೆ ಬಿಸಿಲು ಬೇಕು. ಹೆಣ್ಣು ದುಂಬಿ ಬಿಸಿಲು ಬೀಳುವ ಕಾಂಡ ಹುಡುಕಿ, ತೊಗಟೆಯ ಬಿರುಕಿನೊಳಗೆ ಮೊಟ್ಟೆ ಇಡುತ್ತದೆ. ಒಂದೊಂದು ಹೆಣ್ಣು ಐವತ್ತರಿಂದ ನೂರು ಮೊಟ್ಟೆ ಇಡಬಲ್ಲದು. ಹತ್ತು ದಿನದೊಳಗೆ ಮರಿ ಹೊರಬರುತ್ತದೆ. ಆ ಮರಿ ಸುಮಾರು ಎರಡು ತಿಂಗಳು ತೊಗಟೆಯ ಕೆಳಗೇ ತಿಂದುಕೊಂಡಿರುತ್ತದೆ. ಆಮೇಲೆ ಗಟ್ಟಿ ಮರದೊಳಗೆ ಸುರಂಗ ಕೊರೆದುಕೊಂಡು ಹೋಗುತ್ತದೆ, ಕೆಲವು ಸಲ ಬೇರಿನವರೆಗೂ. ಮರಿ ಹುಳವಾಗಿಯೇ ಒಂಬತ್ತು ಹತ್ತು ತಿಂಗಳು ಕಳೆಯುತ್ತದೆ. ಆಮೇಲೆ ಕೋಶವಾಗಿ, ದುಂಬಿಯಾಗಿ, ಕಾಂಡದಲ್ಲಿ ದುಂಡನೆಯ ತೂತು ಕೊರೆದು ಹೊರಗೆ ಬರುತ್ತದೆ. ಹೋದ ಏಪ್ರಿಲ್‌ನಲ್ಲಿ ಇಟ್ಟ ಮೊಟ್ಟೆ ಈ ಏಪ್ರಿಲ್‌ನಲ್ಲಿ ದುಂಬಿ. ಹೋದ ನವೆಂಬರ್‌ದು ಈ ನವೆಂಬರ್‌ಗೆ.

ಈಗ ಮಾರ್ಚ್, ಸೆಪ್ಟೆಂಬರ್ ಯಾಕೆ ಅಂತ ಗೊತ್ತಾಯಿತಲ್ವಾ? ಅದು ದುಂಬಿ ಹೊರಗೆ ಬರುವ ಮುಂಚಿನ ತಿಂಗಳು. ಹುಳ ಇನ್ನೂ ಕಾಂಡದೊಳಗೆ ಬಂದಿಯಾಗಿದೆ. ಗಿಡ ತೆಗೆದರೆ ಹುಳವೂ ಹೋಯಿತು. ಮೇ ಕೊನೆಯಲ್ಲಿ ಅದೇ ಗಿಡ ತೆಗೆದರೆ ಸಿಗುವುದು ಖಾಲಿ ತೂತು. ದುಂಬಿ ಆಗಲೇ ಹಾರಿ ಪಕ್ಕದ ಗಿಡಗಳಿಗೆ ಮೊಟ್ಟೆ ಇಟ್ಟಾಗಿರುತ್ತದೆ.

ಎರಡನೆಯದು: ಎಲೆ ಬಿಡಿ, ಕಾಂಡ ನೋಡಿ

ಇದೇ ಮುಖ್ಯವಾದ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಬೇರಿನ ನೀರು ಮೇಲೆ ಹೋಗುವುದು ಅದರ ಒಳಗಿನ ಮರದ ಮೂಲಕ. ಎಳೆಯ ಮರಿ ಮೊದಲು ಕೈ ಹಾಕುವುದು ತೊಗಟೆಯ ಕೆಳಗಿನ ಪದರಕ್ಕೆ. ಗಿಡ ಸುಮ್ನೆ ಕೂರುವುದಿಲ್ಲ, ಗಾಯ ಮುಚ್ಚಲು ಹೊಸ ಅಂಗಾಂಶ ಬೆಳೆಸುತ್ತದೆ. ಅದೇ ನಮಗೆ ಕಾಂಡದ ಮೇಲೆ ಹಗ್ಗ ಸುತ್ತಿದ ಹಾಗೆ ಕಾಣುವ ಉಬ್ಬು. ಮರಿ ದೊಡ್ಡದಾಗಿ ಒಳಗಿನ ಮರ ತಿನ್ನಲು ಶುರು ಮಾಡಿದ ಮೇಲೆ ನೀರಿನ ದಾರಿ ತುಂಡಾಗುತ್ತದೆ. ಆಗ ಮಧ್ಯಾಹ್ನದ ಹೊತ್ತಿಗೆ ಎಲೆ ಬಾಡುತ್ತದೆ, ಆಮೇಲೆ ಹಳದಿಯಾಗುತ್ತದೆ.

ಹಾಗಾಗಿ ಉಬ್ಬು ಮೊದಲು, ಹಳದಿ ಆಮೇಲೆ. ಎಲೆ ನೋಡಿ ಬೋರರ್ ಹುಡುಕುವವರು ಯಾವಾಗಲೂ ಕೆಲವು ತಿಂಗಳು ಹಿಂದೆ ಇರುತ್ತಾರೆ.

ಕೆಲಸ ಹೀಗೆ ಮಾಡಿ. ಒಂದೊಂದು ಸಾಲಿಗೆ ಒಬ್ಬರು. ಗಿಡದ ಬುಡದಲ್ಲಿ ಬಗ್ಗಿ, ಎಲೆ ಕಸ ಸರಿಸಿ, ಬುಡದಿಂದ ಮೇಲಕ್ಕೆ ಕಾಂಡದ ಸುತ್ತ ಕೈ ಆಡಿಸಬೇಕು. ದಪ್ಪ ರೆಂಬೆಗಳನ್ನೂ ಬಿಡಬಾರದು. ಪಾಚಿ ಹಿಡಿದ ಕಾಂಡದಲ್ಲಿ ಕಣ್ಣಿಗಿಂತ ಬೆರಳಿಗೇ ಉಬ್ಬು ಬೇಗ ಸಿಗುತ್ತದೆ. ಉಬ್ಬು ಸಿಕ್ಕಿದ ಗಿಡಕ್ಕೆ ಬಣ್ಣದ ಬಟ್ಟೆ ಚೂರು ಕಟ್ಟಿ ಮುಂದೆ ಹೋಗಿ. ಅಲ್ಲೇ ಕಡಿಯುತ್ತಾ ನಿಂತರೆ ಸಾಲು ಮುಗಿಯುವುದಿಲ್ಲ.

ಬಿಸಿಲು ಹೆಚ್ಚು ಬೀಳುವ ಜಾಗದಿಂದ ಶುರು ಮಾಡುವುದು ಒಳ್ಳೆಯದು. ರಸ್ತೆ ಬದಿ, ಮರ ಬಿದ್ದು ತೆರೆದುಕೊಂಡ ಜಾಗ, ಪಶ್ಚಿಮಕ್ಕೆ ಮುಖ ಮಾಡಿದ ಇಳಿಜಾರು, ಕಣದ ಅಂಚು. ದುಂಬಿಯೂ ಅಲ್ಲಿಂದಲೇ ಶುರು ಮಾಡಿರುತ್ತದೆ.

ಇನ್ನೊಂದು ಮಾತು. ಚಿಗುರು ತೆಗೆಯುವ ಹೆಂಗಸರು ಒಂದೊಂದು ಗಿಡವನ್ನೂ ಹತ್ತಿರದಿಂದ ಮುಟ್ಟಿ ನೋಡುವವರು. ಮಾಲೀಕರಿಗಿಂತ ಅವರ ಕಣ್ಣಿಗೇ ಮೊದಲು ಬೀಳುತ್ತದೆ. 'ಅಯ್ಯಾ, ಈ ಗಿಡದ ಬುಡ ಒಂಥರಾ ಇದೆ' ಅಂದಾಗ 'ಇರ್ಲಿ ಬಿಡಮ್ಮ, ಕೆಲಸ ನೋಡು' ಅನ್ನುವ ತೋಟಗಳು ಇನ್ನೂ ಇವೆ. ಒಂದು ಗಾಜಿನ ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಒಂದು ಮರಿಹುಳ, ಒಂದು ದುಂಬಿ ಇಡಿ. ಕೆಲಸಕ್ಕೆ ಬಂದವರೆಲ್ಲ ಕೈಯಲ್ಲಿ ಹಿಡಿದು ನೋಡಲಿ. ಗಂಟೆಗಟ್ಟಲೆ ಭಾಷಣಕ್ಕಿಂತ ಆ ಬಾಟಲಿ ಜಾಸ್ತಿ ಕಲಿಸುತ್ತದೆ.

ಮೂರನೆಯದು: ಬೋರರ್ ಹೌದೋ ಅಲ್ಲವೋ?

ಹಳದಿಯಾದ ಗಿಡವೆಲ್ಲ ಬೋರರ್ ಗಿಡವಲ್ಲ. ಉಬ್ಬಿದ ಜಾಗದಲ್ಲಿ ಚಾಕುವಿನಿಂದ ತೊಗಟೆ ಸ್ವಲ್ಪ ಕೆರೆದು ನೋಡಿ. ಒಳಗೆ ಸುರಂಗ, ಅದರ ತುಂಬ ಗಟ್ಟಿಯಾಗಿ ತುರುಕಿದ ಮರದ ಪುಡಿ ಇದ್ದರೆ ಬೋರರ್. ಈ ಹುಳ ಪುಡಿಯನ್ನು ಹೊರಗೆ ತಳ್ಳುವುದಿಲ್ಲ, ಅದಕ್ಕೇ ಹೊರಗೆ ಪುಡಿಯ ಸುಳಿವು ಸಿಗುವುದಿಲ್ಲ.

ಬುಡದಲ್ಲಿ ಸಣ್ಣ ಸಣ್ಣ ಉಂಡೆಯಂಥ ಹಿಕ್ಕೆ ಬಿದ್ದಿದ್ದರೆ ಅದು ಬೇರೆ ಗಿರಾಕಿ, ಕೆಂಪು ಕೊರಕ. ಅದು ದುಂಬಿಯಲ್ಲ, ಪತಂಗದ ಮರಿ. ಕಾಫಿಯ ಇನ್ನೊಂದು ಜಾತಿ ರೊಬಸ್ಟಾದ ಎಳೆ ರೆಂಬೆ ಒಣಗಿ, ಅಡಿಭಾಗದಲ್ಲಿ ಸೂಜಿ ಚುಚ್ಚಿದಷ್ಟು ತೂತು ಕಂಡರೆ ಶಾಟ್ ಹೋಲ್ ಬೋರರ್. ಅದಕ್ಕೆ ಆ ರೆಂಬೆ ಕತ್ತರಿಸಿ ಸುಟ್ಟರೆ ಸಾಕು, ಇಡೀ ಗಿಡ ಕೀಳಬೇಕಿಲ್ಲ. ಹಳೆಯ ಮರದ ಬೊಡ್ಡೆಯ ಸುತ್ತ ಗಿಡಗಳು ಒಂದರ ಹಿಂದೆ ಒಂದು ಸಾಯುತ್ತಿದ್ದರೆ ಬೇರು ರೋಗ ಇರಬಹುದು, ಬೇರು ಕಿತ್ತು ನೋಡಿ. ಕಾಯಿ ಜಾಸ್ತಿ ಹಿಡಿದು ಸುಸ್ತಾದ ಗಿಡವೂ ಹಳದಿಯಾಗುತ್ತದೆ. ಅದರ ಕಾಂಡದಲ್ಲಿ ಉಬ್ಬು ಇರುವುದಿಲ್ಲ.

ಬಿಳಿ ಕಾಂಡಕೊರಕ ಮುಖ್ಯವಾಗಿ ಅರೇಬಿಕಾದ ಶತ್ರು. ರೊಬಸ್ಟಾವನ್ನು ಅಷ್ಟಾಗಿ ಕಾಡುವುದಿಲ್ಲ. ಬೋರರ್ ಕಾಟಕ್ಕೆ ಬೇಸತ್ತು ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದವರು ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಯಲ್ಲಿ ಇದ್ದಾರೆ.

ನಾಲ್ಕನೆಯದು: ಕಡಿಯುವುದು, ಸುಡುವುದು

ಬೋರರ್ ಖಾತ್ರಿಯಾದ ಗಿಡದ ಮೇಲೆ ಕನಿಕರ ಬೇಡ. ಬುಡದ ಹತ್ತಿರ ಕಾಂಡ ಕತ್ತರಿಸಿ, ಕತ್ತರಿಸಿದ ಮುಖ ನೋಡಿ. ಸುರಂಗ ಕಾಣದಿದ್ದರೆ ಬೊಡ್ಡೆ ಬಿಡಬಹುದು, ಹೊಸ ಚಿಗುರು ಬರುತ್ತದೆ. ಸುರಂಗ ಇನ್ನೂ ಕೆಳಗೆ ಹೋಗಿದ್ದರೆ ಇನ್ನಷ್ಟು ಕೆಳಗೆ ಕತ್ತರಿಸಿ. ಬೇರಿಗೇ ಇಳಿದಿದ್ದರೆ ಬುಡ ಸಮೇತ ಕೀಳಬೇಕು.

ಕಡಿದ ಕಾಂಡವನ್ನು ಕೂಡಲೇ ಸುಡಿ. ಇಲ್ಲೇ ಎಷ್ಟೋ ತೋಟಗಳು ಕೆಡುವುದು. ಕಾಫಿ ಕಟ್ಟಿಗೆ ಚೆನ್ನಾಗಿ ಉರಿಯುತ್ತದೆ ಅಂತ ಕೆಲಸಗಾರರ ಲೈನ್ ಮನೆ ಹಿಂದೆಯೋ ಬಚ್ಚಲ ಒಲೆ ಪಕ್ಕದಲ್ಲೋ ಪೇರಿಸಿ ಇಡುತ್ತಾರೆ. ಕಟ್ಟಿಗೆ ಒಣಗುತ್ತಿದ್ದರೂ ಒಳಗಿನ ಹುಳ ತನ್ನ ಪಾಡಿಗೆ ಬೆಳೆದು, ದುಂಬಿಯಾಗಿ, ವಾಪಸ್ ತೋಟಕ್ಕೆ ಹಾರುತ್ತದೆ. ಸುಡಲು ಆಗದಿದ್ದರೆ ಒಂದು ವಾರದಿಂದ ಹತ್ತು ದಿನ ಕಾಂಡ ಪೂರ್ತಿ ನೀರಿನಲ್ಲಿ ಮುಳುಗಿರಲಿ. ಮೇಲೆ ಕಲ್ಲು ಹೇರಿ, ಇಲ್ಲದಿದ್ದರೆ ತೇಲುತ್ತದೆ.

ಸುಡುವ ಮೊದಲು ಹುಳ ಇರುವ ಕಾಂಡದಿಂದ ಒಂದಡಿ ಉದ್ದದ ಎರಡು ಮೂರು ತುಂಡು ಎತ್ತಿಡಿ. ಹಳೆಯ ಬಕೆಟ್‌ಗೆ ಹಾಕಿ, ಬಾಯಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಬಿಗಿಯಾಗಿ ಕಟ್ಟಿ ನೆರಳಿನಲ್ಲಿ ಇಡಿ. ಸೊಳ್ಳೆ ಪರದೆ ಬಟ್ಟೆ ಸಾಲದು, ಮರ ಕೊರೆಯುವ ಬಾಯಿ ದುಂಬಿಯದ್ದು. ದಿನಾ ಒಮ್ಮೆ ನೋಡಿ. ಮೊದಲ ದುಂಬಿ ಹೊರಬಂದ ದಿನ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಬಾಬಾಬುಡನ್‌ಗಿರಿಯ ಎತ್ತರದ ತೋಟಕ್ಕೂ ಸಕಲೇಶಪುರದ ಕೆಳಗಿನ ತೋಟಕ್ಕೂ ಹವಾ ಒಂದೇ ಅಲ್ಲ. ನಿಮ್ಮ ತೋಟದ ಹಾರಾಟ ಯಾವಾಗ ಶುರು ಅಂತ ನಿಮ್ಮ ಬಕೆಟ್ಟೇ ಹೇಳುತ್ತದೆ. ಕೆಲವು ವರ್ಷ ಹೀಗೆ ಬರೆದಿಟ್ಟರೆ ನಿಮ್ಮದೇ ಒಂದು ಪಂಚಾಂಗ ಸಿದ್ಧ. ಕೆಲಸ ಮುಗಿದ ಮೇಲೆ ಆ ತುಂಡು, ದುಂಬಿ ಎಲ್ಲವೂ ಬೆಂಕಿಗೆ.

ಐದನೆಯದು: ಉಳಿದ ಗಿಡಕ್ಕೆ ಕಾವಲು

ಮೊಟ್ಟೆಗೆ ಬಿರುಕು ಬೇಕು, ಬಿಸಿಲು ಬೇಕು ಅಂದೆವಲ್ಲ. ಎರಡನ್ನೂ ಸಿಗದ ಹಾಗೆ ಮಾಡುವುದೇ ಕಾವಲು.

ಹಾರಾಟ ಶುರುವಾಗುವ ಮೊದಲು ಕಾಂಡದ ಮೇಲಿನ ಸಡಿಲ ತೊಗಟೆ ತಿಕ್ಕಿ ತೆಗೆಯಿರಿ. ತೆಂಗಿನ ಸಿಪ್ಪೆ ಅಥವಾ ನಾರಿನ ಕೈಗವಸು ಸಾಕು. ಕತ್ತಿ ಬಳಸಬೇಡಿ, ಒಳಗಿನ ಹಸಿರು ತೊಗಟೆಗೆ ಗಾಯವಾದರೆ ಹೊಸ ಬಿರುಕು ಮಾಡಿಕೊಟ್ಟ ಹಾಗೆ. ನುಣ್ಣಗಿರುವ ಎಳೆ ಗಿಡಕ್ಕೆ ಇದು ಬೇಡ.

ಆಮೇಲೆ ಸುಣ್ಣ. 200 ಲೀಟರ್ ಡ್ರಮ್ ನೀರಿಗೆ 20 ಕೆಜಿ ಸ್ಪ್ರೇ ಸುಣ್ಣ, ಜೊತೆಗೆ ಕಾಂಡಕ್ಕೆ ಕಚ್ಚಿಕೊಳ್ಳಲು 100 ಮಿಲಿ ಡಿಡಿಎಲ್ ಅಂಟು. ಸೋಸದೆ ಹಾಕಿದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಮುಖ್ಯ ಕಾಂಡ ಮತ್ತು ದಪ್ಪ ರೆಂಬೆಗೆ ಬಿದ್ದರೆ ಸಾಕು, ಎಲೆಗೆ ಹೊಡೆಯುವುದು ದಂಡ. ಹೊಡೆಯುವವರು ಕನ್ನಡಕ ಹಾಕಿಕೊಳ್ಳಲೇಬೇಕು, ಸುಣ್ಣ ಕಣ್ಣಿಗೆ ಬಿದ್ದರೆ ತಮಾಷೆಯಲ್ಲ. ಹಿಂದೆ ಇದಕ್ಕೆಲ್ಲ ಲಿಂಡೇನ್ ಅನ್ನುವ ಕೀಟನಾಶಕ ಬಳಿಯುತ್ತಿದ್ದರು. ಅದು ಈಗ ನಿಷೇಧವಾಗಿದೆ. ಹಳೆಯ ಡಬ್ಬಿ ಗೋಡೌನ್ ಮೂಲೆಯಲ್ಲಿದ್ದರೂ ಮುಟ್ಟಬೇಡಿ.

ವಾಸನೆಯಿಂದ ಹುಳವನ್ನು ಸೆಳೆದು ಹಿಡಿಯುವ ಮೋಹಕ ಬಲೆಯ ಬಗ್ಗೆ ಒಂದು ಸ್ವಾರಸ್ಯ ಇದೆ. ಹಾಸನದ ಜೋಳದ ಹೊಲದಲ್ಲಿ ಸೈನಿಕ ಹುಳುವಿಗೆ ಹಾಕುವ ಬಲೆಯಲ್ಲಿ ಹೆಣ್ಣಿನ ವಾಸನೆ ಇರುತ್ತದೆ, ಬೀಳುವುದು ಗಂಡು ಪತಂಗ. ಬೋರರ್‌ನಲ್ಲಿ ಉಲ್ಟಾ. ಇಲ್ಲಿ ವಾಸನೆ ಬಿಡುವುದು ಗಂಡು ದುಂಬಿ, ಹುಡುಕಿಕೊಂಡು ಬರುವುದು ಹೆಣ್ಣು. ಹಾಗಾಗಿ ಬಲೆಗೆ ಬಿದ್ದ ಹೆಣ್ಣು ದುಂಬಿಯ ಜೊತೆ ಅದು ಇಡಬೇಕಿದ್ದ ಮೊಟ್ಟೆಯೂ ಹೋಯಿತು. ಎಕರೆಗೆ ಹತ್ತು ಬಲೆ ಲೆಕ್ಕ. ಹಾರಾಟ ಶುರುವಾಗುವ ಮೊದಲೇ ಕಟ್ಟಿರಬೇಕು. ಆದರೆ ಬಲೆ ಕಟ್ಟಿದೆವಲ್ಲ ಅಂತ ಗಿಡ ಹುಡುಕುವುದು ಬಿಟ್ಟರೆ ಪ್ರಯೋಜನವಿಲ್ಲ.

ಆರನೆಯದು: ನೆರಳು

ನೆರಳು ಬಹಳ ತೆಗೆದರೆ ಬೋರರ್, ಬಹಳ ಬಿಟ್ಟರೆ ಫಸಲು ಕಡಿಮೆ, ಕೊಳೆರೋಗ ಜಾಸ್ತಿ. ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಯುವುದು, ಮಾಡಿಸುವಾಗ ಈ ಜಗ್ಗಾಟ ಎಲ್ಲರಿಗೂ ಗೊತ್ತು. ಮರಗಸಿಯವರಿಗೆ ಇಡೀ ತೋಟಕ್ಕೆ ಒಂದೇ ಲೆಕ್ಕ ಹೇಳಬೇಡಿ. ಬಟ್ಟೆ ಚೂರು ಜಾಸ್ತಿ ಕಟ್ಟಿದ ಜಾಗದಲ್ಲಿ, ಅದರಲ್ಲೂ ದಕ್ಷಿಣ ಮತ್ತು ಪಶ್ಚಿಮದ ಬಿಸಿಲು ಬೀಳುವ ಕಡೆ, ಕೊಂಬೆ ಕಡಿಮೆ ಕಡಿಯಲಿ. ಬರೀ ಸಿಲ್ವರ್ ಓಕ್ ಇರುವ ತೋಟದಲ್ಲಿ ನೆರಳು ಎತ್ತರದಲ್ಲಿ ತೆಳ್ಳಗೆ ಇರುತ್ತದೆ, ಕಾಂಡಕ್ಕೆ ಬಿಸಿಲು ಸಿಗುತ್ತಲೇ ಇರುತ್ತದೆ. ಅಂಥಲ್ಲಿ ಕೆಳಗೊಂದು ಹಾಲುವಾಣದ ಸಾಲು, ಮೇಲೆ ಅತ್ತಿ, ಬಸರಿ, ಹಲಸು ಬೇಕೇ ಬೇಕು.

ಗಿಡ ಕಿತ್ತ ಜಾಗ ಖಾಲಿ ಬಿಡಬೇಡಿ. ಜೂನ್ ಮಳೆ ಹಿಡಿದ ಮೇಲೆ ಆ ಗುಂಡಿಗೆ ಸಸಿ ಇಡಿ, ಪಕ್ಕದಲ್ಲಿ ಹಾಲುವಾಣದ ಗೂಟ ನೆಡಿ. ಒಂದು ಗಿಡ ಹೋದ ಕೂಡಲೇ ಅದರ ಅಕ್ಕಪಕ್ಕದ ಗಿಡಗಳ ಕಾಂಡಕ್ಕೆ ಹೊಸದಾಗಿ ಬಿಸಿಲು ಬೀಳಲು ಶುರುವಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಮತ್ತೆ ಹುಡುಕಲು ಇಳಿದಾಗ ಮೊದಲು ಕೈ ಆಡಿಸಬೇಕಾದದ್ದು ಆ ಗಿಡಗಳಿಗೆ. ಬೇಲಿಯಾಚೆಯವರಿಗೂ ಮಾರ್ಚ್‌ಗೆ ಮೊದಲೇ ಒಂದು ಫೋನ್ ಮಾಡಿ, ಇಬ್ಬರೂ ಅದೇ ವಾರ ಗಿಡ ಹುಡುಕುವಂತೆ ಮಾತಾಡಿಕೊಳ್ಳಿ.