ಪಿಎಚ್‌ಪಿಯಲ್ಲಿ ಒಂದೇ ಕಾಲಂ ಬೇಕಾದಾಗ ನಾನು ಮಾಡುವುದು

ಒಂದು ಸಣ್ಣ ಲೈಬ್ರರಿಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಕೋಡ್ ಪಿಎಚ್‌ಪಿ ಭಾಷೆಯಲ್ಲಿ, ಮಾಹಿತಿ ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ, ನಡುವೆ ಇವೆರಡನ್ನು ಜೋಡಿಸುವ ಪಿಡಿಒ. ಪುಸ್ತಕ ವಾಪಸ್ ಕೊಡದವರಿಗೆ ಎಸ್ಸೆಮ್ಮೆಸ್ ಕಳಿಸಲು ಮೊಬೈಲ್ ನಂಬರ್‌ಗಳಷ್ಟೇ ಬೇಕು. ಹಳೆಯ ಕೋಡ್ ಮಾತ್ರ ಸದಸ್ಯರ ಟೇಬಲ್ಲನ್ನೇ ಪೂರ್ತಿ ಎಳೆದು ತಂದು, ಲೂಪ್ ಹಾಕಿ ನಂಬರ್ ಹೆಕ್ಕುತ್ತಿತ್ತು. ವಿಳಾಸ, ಹುಟ್ಟಿದ ದಿನ ಎಲ್ಲ ಸುಮ್ನೆ ಯಾಕೆ ಹೊತ್ತು ತರಬೇಕು? ಅದೂ ಅಲ್ಲದೆ, ಪಿಡಿಒಗೆ ಮೋಡ್ (ಉತ್ತರ ಯಾವ ರೂಪದಲ್ಲಿ ಬೇಕು ಎಂಬುದು) ಹೇಳದಿದ್ದರೆ ಅರೇಯಲ್ಲಿ, ಅಂದರೆ ಅದು ಕೊಡುವ ಪಟ್ಟಿಯಲ್ಲಿ, ಪ್ರತಿ ಮೌಲ್ಯವೂ ಎರಡು ಸಲ ಇರುತ್ತದೆ, ಕಾಲಂ ಹೆಸರಿನಲ್ಲಿ ಒಮ್ಮೆ, ಅದರ ಸಂಖ್ಯೆಯಲ್ಲಿ ಇನ್ನೊಮ್ಮೆ.

ಮೊದಲು ಕ್ವೆರಿಯಲ್ಲಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಎಲ್ಲ ಕಾಲಂ ತರುವ ಸ್ಟಾರ್ ತೆಗೆದು ಮೊಬೈಲ್ ಕಾಲಂ ಹೆಸರು ಬರೆದೆ. ಆಮೇಲೆ ಎಲ್ಲ ಸಾಲುಗಳನ್ನೂ ಒಟ್ಟಿಗೆ ತರುವ ‘ಫೆಚ್‌ಆಲ್’ಗೆ ‘ಫೆಚ್ ಕಾಲಂ’ ಮೋಡ್ ಕೊಟ್ಟೆ. ನಂಬರ್‌ಗಳ ನೇರ ಪಟ್ಟಿ ಬಂತು, ಅರೇಯೊಳಗೆ ಅರೇ ಇಲ್ಲ. ಲೂಪ್ ಪೂರ್ತಿ ಅಳಿಸಿ ಹಾಕಿದೆ. ಕ್ವೆರಿಯಲ್ಲಿ ಬೇರೆ ಕಾಲಂಗಳೂ ಇದ್ದರೆ ಎಷ್ಟನೆಯದು ಬೇಕೋ ಅದನ್ನು ಮುಂದೆ ಕೊಡಬಹುದು. ಎಣಿಕೆ ಸೊನ್ನೆಯಿಂದ ಶುರು.

‘ಫೆಚ್‌ಕಾಲಂ’ ಅಂತ ಬೇರೊಂದು ಮೆಥಡ್ ಇದೆ. ಹೆಸರು ನೋಡಿ ಇಡೀ ಕಾಲಂ ಕೊಡುತ್ತೆ ಅನ್ನಿಸುತ್ತೆ, ಅಲ್ವಾ? ಇಲ್ಲ. ಅದು ಮುಂದಿನ ಸಾಲಿನಿಂದ ಒಂದೇ ಮೌಲ್ಯ ಕೊಡುತ್ತದೆ, ಸಾಲು ಮುಗಿದರೆ ಫಾಲ್ಸ್ ಕೊಡುತ್ತದೆ. ಇದನ್ನು ನೇರವಾಗಿ ವೈಲ್ ಲೂಪಿನ ಷರತ್ತಿನಲ್ಲಿ ಇಟ್ಟರೆ ಕಷ್ಟ. ನಡುವೆ ಒಬ್ಬರ ನಂಬರ್ ಖಾಲಿ ಇದ್ದರೂ ಅದನ್ನೂ ಫಾಲ್ಸ್ ಎಂದೇ ಎಣಿಸಿ ಲೂಪ್ ಅಲ್ಲೇ ನಿಲ್ಲುತ್ತದೆ. ಅವರ ನಂತರದ ಯಾರಿಗೂ ಎಸ್ಸೆಮ್ಮೆಸ್ ಹೋಗಲ್ಲ, ಎರರ್ ಕೂಡ ಬರಲ್ಲ. ಹಾಗಾಗಿ ಒಟ್ಟು ಎಷ್ಟು ಜನ ಎಂಬಂಥ ಒಂಟಿ ಉತ್ತರಕ್ಕೆ ಮಾತ್ರ ಇದನ್ನು ಬಳಸುತ್ತೇನೆ.

ಸದಸ್ಯತ್ವ ಸಂಖ್ಯೆಗೆ ಜೋಡಿಯಾಗಿ ನಂಬರ್ ಬೇಕಾದಾಗ ‘ಫೆಚ್ ಕೀ ಪೇರ್’ ಮೋಡ್ ನನಗೆ ಜಾಸ್ತಿ ಇಷ್ಟ. ಮೊದಲ ಕಾಲಂ ಕೀ, ಎರಡನೆಯದು ಮೌಲ್ಯ. ಕ್ವೆರಿಯಲ್ಲಿ ಸರಿಯಾಗಿ ಎರಡೇ ಕಾಲಂ ಇರಬೇಕು. ಒಂದೇ ಕೀ ಮತ್ತೆ ಬಂದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ.

ಹಳೆಯ ಸರ್ವರ್ ಇರುವವರು ಇನ್ನೊಂದನ್ನು ಗಮನಿಸಿ. ಪಿಎಚ್‌ಪಿ 8.1ಕ್ಕಿಂತ ಮುಂಚೆ, ಮೈಎಸ್‌ಕ್ಯುಎಲ್‌ನಲ್ಲಿ ಎಮ್ಯುಲೇಟೆಡ್ ಪ್ರಿಪೇರ್, ಅಂದರೆ ಕ್ವೆರಿಗೆ ಮೌಲ್ಯಗಳನ್ನು ಪಿಡಿಒ ತಾನೇ ತುಂಬಿ ಕಳಿಸುವ ವ್ಯವಸ್ಥೆ, ಆನ್ ಇದ್ದರೆ (ಮೊದಲಿನಿಂದ ಆನ್ ಇರುವುದೇ ಅದು) ಸಂಖ್ಯೆಗಳೂ ಸ್ಟ್ರಿಂಗ್ (ಬರಹ) ಆಗಿ ಬರುತ್ತವೆ. ಪಟ್ಟಿಯಲ್ಲಿ ಹುಡುಕಲು ‘ಇನ್ ಅರೇ’ಯನ್ನು ಸ್ಟ್ರಿಕ್ಟ್ ಆಗಿ (ಸಂಖ್ಯೆಯೋ ಸ್ಟ್ರಿಂಗೋ ಎಂಬುದೂ ಹೊಂದಬೇಕು ಎಂದು) ಬಳಸಿದರೆ 12 ಸಿಗಲ್ಲ, ಏಕೆಂದರೆ ಅಲ್ಲಿರುವುದು ಕೋಟ್ ಒಳಗಿನ '12'. ಅಂಥ ಕಡೆ ಪಟ್ಟಿಯನ್ನು ಸಂಖ್ಯೆಯಾಗಿ ಬದಲಿಸುವ ‘ಇಂಟ್‌ವ್ಯಾಲ್’ ಮೇಲೆ ಒಮ್ಮೆ ಹಾಯಿಸುತ್ತೇನೆ. ಮೊಬೈಲ್ ನಂಬರ್‌ಗಳನ್ನು ಮಾತ್ರ ಸ್ಟ್ರಿಂಗ್ ಆಗಿಯೇ ಬಿಡುತ್ತೇನೆ, ಮುಂದಿನ ಪ್ಲಸ್ ಗುರುತು ಉಳಿಯಬೇಕಲ್ಲ.