ಅಪ್‌ಗ್ರೇಡ್ ಆದಮೇಲೆ ಬೂಟ್ ಆಗದೆ ನಿಂತ ಲ್ಯಾಪ್‌ಟಾಪ್

ಮಾಟುಂಗಾದಲ್ಲಿರುವ ನಮ್ಮ ಅತ್ತೆಯ ಲ್ಯಾಪ್‌ಟಾಪನ್ನು ಭಾನುವಾರ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) 22.04ರಿಂದ 24.04ಕ್ಕೆ ಏರಿಸಿದೆ. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ, ಮೂಲೆಯಲ್ಲೊಂದು ಬಿಳಿ ಗೆರೆ, ಅಷ್ಟೇ. ಅರ್ಧ ಗಂಟೆ ಕಾದರೂ ಅಲ್ಲಾಡಲಿಲ್ಲ. ಮೊಮ್ಮಗಳ ಫೋಟೋಗಳೆಲ್ಲ ಅದರಲ್ಲೇ ಇದ್ದವು, ನಿಜಕ್ಕೂ ಭಯ ಆಯಿತು.

ಮತ್ತೆ ಆನ್ ಮಾಡುವಾಗ ಎಸ್ಕೇಪ್ ಒತ್ತಿ, ಯಾವುದರಿಂದ ಬೂಟ್ ಆಗಬೇಕೆಂದು ಆರಿಸುವ ಗ್ರಬ್ ಮೆನು ತೆರೆದು, ಅಡ್ವಾನ್ಸ್ಡ್ ಆಪ್ಶನ್ಸ್‌ನಲ್ಲಿ ಹಳೆಯ ಕರ್ನಲ್ (ಸಿಸ್ಟಂನ ತಿರುಳು ಪ್ರೋಗ್ರಾಂ) ಆರಿಸಿದೆ. ಬಂತು! ನೋಡಿದರೆ ಬೂಟ್ ಪಾರ್ಟಿಷನ್, ಅಂದರೆ ಡಿಸ್ಕ್‌ನಲ್ಲಿ ಕರ್ನಲ್‌ಗಳನ್ನಿಡುವ ಭಾಗ, ಪೂರ್ತಿ ತುಂಬಿತ್ತು. ಹಳೆಯ ಕರ್ನಲ್‌ಗಳು ರಾಶಿ ಬಿದ್ದು ಹೊಸದಕ್ಕೆ ಬೂಟ್ ಆಗುವಾಗ ಬೇಕಾದ ಡ್ರೈವರ್‌ಗಳಿರುವ ಇನಿಟ್‌ರಾಮ್‌ಎಫ್‌ಎಸ್ ಫೈಲ್ ಬರೆಯಲು ಜಾಗವೇ ಇರಲಿಲ್ಲ, ಅದಿಲ್ಲದೆ ಕರ್ನಲ್‌ಗೆ ಡಿಸ್ಕ್ ಹೇಗೆ ಸಿಗಬೇಕು, ಅಲ್ವಾ? ಆಗ ಓಡುತ್ತಿದ್ದದ್ದನ್ನು ಮಾತ್ರ ಮುಟ್ಟದೆ ಉಳಿದ ಹಳೆಯವನ್ನು ತೆಗೆದೆ. ಪ್ಯಾಕೇಜ್‌ಗಳನ್ನು ಇನ್‌ಸ್ಟಾಲ್ ಮಾಡುವ ಡಿಪಿಕೆಜಿಯಲ್ಲಿ ಅರ್ಧಕ್ಕೆ ನಿಂತಿದ್ದ ಕೆಲಸ ಮುಗಿಸಿ, ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಮಾಡಿಸಿ, ಗ್ರಬ್ ಅಪ್‌ಡೇಟ್ ಮಾಡಿದೆ. ಸುಮ್ನೆ ಫಾರ್ಮ್ಯಾಟ್ ಮಾಡಲು ಹೋಗಬೇಡಿ. ಫೋಟೋ ಒಂದೂ ಹೋಗಲಿಲ್ಲ.